ಅಮ್ಮನ ಕೆಲಸ ಯಾವುದು?

“ಸಿಗರೇಟು ಸೇದ್ತೀರಾ?” ಎಂದು ಮೇಜಿನ ಮೇಲಿದ್ದ ಫೋನು ಕೇಳಿತು.

“ಬಿಟ್ಟು ಹದಿನಾಲ್ಕು ತಿಂಗಳಾಯ್ತು,” ಎಂದಳು ಅಮ್ಮ.

“ಬಚಾವಾದ್ರಿ. ವರ್ಷ ತುಂಬದೇ ಇದ್ದಿದ್ರೆ ಹೆಚ್ಚುಕಡಿಮೆ ಎರಡರಷ್ಟು ಕಟ್ಬೇಕಾಗ್ತಿತ್ತು.”

ಸ್ಪೀಕರಿನಲ್ಲಿ ಮಾತನಾಡುತ್ತಿದ್ದವಳು ಇನ್ಶೂರೆನ್ಸ್ ಕಂಪನಿಯ ರೋನಾ. ಆಸ್ಟ್ರೇಲಿಯಾದ ಕಡಲತೀರದ ಊರು ಪೋರ್ಟ್ ಲಿಂಕನ್ನಿನ ಆ ಅಡುಗೆಮನೆಯಲ್ಲಿ ಅಪ್ಪ, ಅಮ್ಮ, ಅಜ್ಜಿ ಮೂವರೂ ಫೋನಿನ ಸುತ್ತ ಕುಳಿತಿದ್ದರು. ಹತ್ತು ವರ್ಷದ ನೇಡ ಹೋಮ್‌ವರ್ಕ್ ಮುಂದಿಟ್ಟುಕೊಂಡು ಕಿವಿಯನ್ನು ಮಾತ್ರ ಅತ್ತ ಕೊಟ್ಟಿದ್ದಳು.

ಇದು ಇಪ್ಪತ್ತು ವರ್ಷದ ಟರ್ಮ್ ಇನ್ಶೂರೆನ್ಸ್ ಎಂದು ಅಪ್ಪ ಬೆಳಿಗ್ಗೆ ವಿವರಿಸಿದ್ದ. ಅಷ್ಟರೊಳಗೆ ಅಮ್ಮನಿಗೆ ಏನಾದರೂ ಆದರೆ, ನೇಡ ದೊಡ್ಡವಳಾಗುವವರೆಗೂ ಮನೆ ನಡೆಯುವಷ್ಟು ಹಣ ಬರುತ್ತದೆ. ಏನೂ ಆಗದಿದ್ದರೆ ಕಟ್ಟಿದ್ದು ಹೋಯಿತು.

ರೋನಾ ಅಮ್ಮನನ್ನು ವೆಸ್ನ ಎಂದು ಹೆಸರು ಹಿಡಿದೇ ಕರೆದು ವಯಸ್ಸು ಕೇಳಿದಳು, ತೂಕ ಕೇಳಿದಳು. ಅಮ್ಮನ ತಂದೆಗೆ ಎಷ್ಟನೆಯ ವಯಸ್ಸಿನಲ್ಲಿ ಹೃದಯದ ಕಾಯಿಲೆ ಬಂದಿತ್ತೆಂಬುದನ್ನೂ ಕೇಳಿದಳು. ಒಂದೊಂದು ಉತ್ತರಕ್ಕೂ ದರ ಒಂದಿಷ್ಟು ಏರುತ್ತಿತ್ತು, ಇಲ್ಲವೇ ಇಳಿಯುತ್ತಿತ್ತು. ಮೀನನ್ನು ತಕ್ಕಡಿಗೆ ಹಾಕಿದಂತೆ ಅಮ್ಮನನ್ನು ತೂಗುತ್ತಿದ್ದಾಳಲ್ಲ ಎಂದು ನೇಡಳಿಗೆ ಮೈಯೆಲ್ಲ ಉರಿಯಿತು.

“ನಿಮ್ಮ ಕೆಲಸ?”

ಅಪ್ಪ ಒಂದು ಚೀಟಿಯನ್ನು ಅಮ್ಮನ ಮುಂದೆ ಸರಿಸಿದ.

“ಮೀನಿನ ವ್ಯಾಪಾರ,” ಎಂದು ಅಮ್ಮ ಮೆಲ್ಲಗೆ ಓದಿದಳು. “ಆಫೀಸ್ ಕೆಲಸ.”

“ಹಾಗಾದ್ರೆ ತಿಂಗಳಿಗೆ ನಲವತ್ತೊಂದು ಡಾಲರ್.”

ಅಪ್ಪನ ಮುಖ ಅರಳಿತು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡಳು. ನೇಡಳ ಕೈಯಲ್ಲಿದ್ದ ಪೆನ್ಸಿಲಿನ ಮೊನೆ ಮುರಿಯಿತು.

ಅಮ್ಮ ಮುಳುಗುಗಾರ್ತಿ. ದೋಣಿಯಿಂದ ಇಳಿಬಿಟ್ಟ ಕೊಳವೆಯ ಗಾಳಿಯನ್ನು ಉಸಿರಾಡುತ್ತ, ಸಮುದ್ರದ ತಳದ ಬಂಡೆಗಳಿಗೆ ಕಚ್ಚಿಕೊಂಡ ಅಬಲೋನಿ ಎಂಬ ದುಬಾರಿ ಚಿಪ್ಪುಮೀನುಗಳನ್ನು ಕಿತ್ತು ತರುವವಳು. ಮೇಲೆ ದೋಣಿಯಲ್ಲಿ ನಿಂತು ಆ ಕೊಳವೆಯನ್ನು ಕಾಯುವವನು ಅಪ್ಪ. ಆದರೆ ಈ ಮಾತನ್ನು ಮನೆಯೊಳಗೆ ಆಡುವಂತಿರಲಿಲ್ಲ. ನೀರಿನ ಅಪಾಯವನ್ನು ಹೆಸರಿಟ್ಟು ಕರೆದರೆ ಅದು ಮನೆಯ ದಾರಿ ಕಲಿಯುತ್ತದೆ ಎಂಬುದು ಅಜ್ಜಿಯ ಕಟ್ಟಳೆ. ಅಮ್ಮ ನೀರಿಗಿಳಿದ ದಿನ ಯಾರು ಕೇಳಿದರೂ “ಪೇಟೆಗೆ ಹೋಗಿದಾಳೆ” ಎನ್ನಬೇಕು. ಶಾಲೆಗೆ ಹೊಸದಾಗಿ ಸೇರಿದ ಹುಡುಗನೊಬ್ಬ, ನಿಮ್ಮಮ್ಮ ದಿನಾ ಶಾಪಿಂಗ್ ಮಾಡುವ ಮಹಾರಾಣಿಯೋ ಎಂದು ಹಂಗಿಸಿದಾಗಲೂ ನೇಡ ಹಲ್ಲು ಕಚ್ಚಿ ಸುಮ್ಮನಿದ್ದಳು. ಈಗ ಅಮ್ಮನೇ ತನ್ನನ್ನು ಆಫೀಸಿನ ಕುರ್ಚಿಯಲ್ಲಿ ಕೂರಿಸಿಕೊಂಡಿದ್ದಳು.

“ಸುಳ್ಳು,” ಎಂದಳು ನೇಡ, ಫೋನಿನತ್ತ ಬಾಗಿ. “ಅಮ್ಮ ಡೈವರ್. ಇಡೀ ಊರಲ್ಲಿ ಅಮ್ಮನಷ್ಟು ಚಿಪ್ಪು ಯಾರೂ ತರಲ್ಲ.”

ಅಪ್ಪ ಫೋನಿನ ಮೇಲೆ ಅಂಗೈ ಮುಚ್ಚಿದ. “ನಿನ್ನ ಯಾರೇ ಕೇಳಿದ್ದು, ಅಧಿಕಪ್ರಸಂಗಿ?” ಎಂದು ಹಲ್ಲುಮಸೆದ. ಅಜ್ಜಿಯಂತೂ ಕೇಡು ತಟ್ಟದಿರಲೆಂದು ಮೇಜಿನ ಮರವನ್ನು ಮೂರು ಬಾರಿ ಬಡಿದು, ಕೆಟ್ಟ ಬಾಯಿಯ ಹುಡುಗಿ ಎಂದು ಶಪಿಸಿದಳು. ಅಮ್ಮ ಮಾತ್ರ ಅಪ್ಪನ ಕೈಯನ್ನು ಫೋನಿನ ಮೇಲಿನಿಂದ ಸರಿಸಿದಳು.

ಆ ಕಡೆ ರೋನಾಳ ದನಿ ನಿಧಾನವಾಯಿತು. “ವೆಸ್ನ, ಕೆಲಸ ಮುಚ್ಚಿಟ್ರೆ ಈಗ ಕಡಿಮೆ ಕಟ್ಬಹುದು. ಆದ್ರೆ ಮಗಳಿಗೆ ಹಣ ಬೇಕಾದ ದಿನ, ಕೊಡಲ್ಲ ಅಂತ ಕಂಪನಿ ಹೇಳಬಹುದು. ಮತ್ತೊಂದ್ಸಲ ಕೇಳ್ಲಾ?”

“ಕೇಳಿ,” ಎಂದಳು ಅಮ್ಮ.

ಎಷ್ಟು ಆಳ, ವರ್ಷಕ್ಕೆ ಎಷ್ಟು ದಿನ, ದಿನಕ್ಕೆ ಎಷ್ಟು ಗಂಟೆ ಎಂಬ ಪ್ರಶ್ನೆಗಳು ಬಂದವು. ಪ್ರತಿಯೊಂದು ಉತ್ತರಕ್ಕೂ ನೇಡ ಅಪ್ಪನನ್ನು ನೋಡಿ ಗಲ್ಲವೆತ್ತಿದಳು. ಗೆದ್ದವಳು ಅವಳೇ.

“ಆಳದಿಂದ ತೀರಾ ಬೇಗ ಮೇಲೆ ಬಂದು, ರಕ್ತದಲ್ಲಿ ಗಾಳಿಗುಳ್ಳೆ ಎದ್ದು ಮೈ ಕೆಟ್ಟು, ಟ್ರೀಟ್‌ಮೆಂಟ್ ತಗೊಂಡಿದ್ದು ಉಂಟಾ?”

ಅಮ್ಮ ಫೋನನ್ನು ನೋಡಲಿಲ್ಲ. ನೇಡಳನ್ನು ನೋಡಿದಳು.

“ಉಂಟು. ಎರಡು ವರ್ಷದ ಹಿಂದೆ. ಅಡಿಲೇಡ್ ಆಸ್ಪತ್ರೆಯ ಗಾಳಿಯ ಒತ್ತಡ ಹೆಚ್ಚಿಸೋ ಕೋಣೆಲಿ ಎರಡು ದಿನ ಇಟ್ಟಿದ್ರು.”

ಎರಡು ವರ್ಷದ ಹಿಂದೆ ಅಡಿಲೇಡಿಗೆ ಅಮ್ಮ ಹೋದದ್ದು ಚಿಕ್ಕಮ್ಮನ ಹೊಸ ಮನೆ ನೋಡಲು. ಹಾಗೆಂದು ನೇಡಳಿಗೆ ಹೇಳಿದ್ದರು. ನನ್ನನ್ನೇಕೆ ಕರೆದುಕೊಂಡು ಹೋಗಲಿಲ್ಲ ಎಂದು ಅವಳು ಒಂದು ವಾರ ಮುನಿಸಿಕೊಂಡಿದ್ದಳು. ಅಮ್ಮ ಬಂದು ತಬ್ಬಿಕೊಳ್ಳಲು ಕೈಚಾಚಿದಾಗ ಬೆನ್ನು ತಿರುಗಿಸಿದ್ದಳು.

ಈಗ ಉಕ್ಕಿದ ಸಿಟ್ಟಿನ ಮುಂದೆ ಆಗಿನ ಮುನಿಸು ಏನೇನೂ ಅಲ್ಲ.

“ವೈದ್ಯರ ರಿಪೋರ್ಟ್ ಬೇಕಾಗುತ್ತೆ,” ಎಂದಳು ರೋನಾ. “ತಿಂಗಳಿಗೆ ಅಂದಾಜು ನೂರಾ ಅರವತ್ತೆಂಟು. ಮುಂದುವರಿಸ್ಲಾ?”

ಬೇಡವೆಂದು ಅಪ್ಪ ತಲೆಯಾಡಿಸಿದ. ಕೇಳಿದ್ದೇ ಸಾಕು, ಇಟ್ಟುಬಿಡು ಎಂದಳು ಅಜ್ಜಿ. ನಲವತ್ತೊಂದಕ್ಕೂ ನೂರಾ ಅರವತ್ತೆಂಟಕ್ಕೂ ನಡುವೆ ಎಷ್ಟು ನೀರಿದೆ ಎಂದು ನೇಡಳಿಗೆ ಈಗ ಕಾಣುತ್ತಿತ್ತು. ಅಮ್ಮನ ಮುಖವನ್ನೇ ಕಾಣದ ಹೆಂಗಸೊಬ್ಬಳು ಅದನ್ನು ಹತ್ತು ನಿಮಿಷದಲ್ಲಿ ಕೇಳಿ ತಿಳಿದುಕೊಂಡಿದ್ದಳು. ಒಂದೇ ಸೂರಿನಡಿ ಇದ್ದ ತಾನು ಕೇಳಿರಲಿಲ್ಲ, ಮನೆಯವರು ಕೇಳಗೊಟ್ಟಿರಲೂ ಇಲ್ಲ.

“ಮುಂದುವರಿಸಿ,” ಎಂದಳು ಅಮ್ಮ.

ಫೋನಿನ ಮಾತು ಮುಗಿಯಿತು. ಅಪ್ಪ ಬಾಗಿಲನ್ನು ದಡಾರನೆ ಎಳೆದುಕೊಂಡು ಹೊರಗೆ ಹೋದ. ನೇಡ ಎದ್ದು ಅಮ್ಮನ ಪಕ್ಕದ ಕುರ್ಚಿಗೆ ಬಂದಳು. ಅವಳ ಮುಖ ಇನ್ನೂ ಕೆಂಪಾಗಿತ್ತು.

“ಎಲ್ಲಿ ನೋವಾಗಿತ್ತು?”

“ಭುಜದಲ್ಲಿ. ಈ ಕಡೆ.”

“ಈಗ?”

“ಚಳಿಗಾಲದಲ್ಲಿ ಒಂದೊಂದ್ಸಲ.”

ನೇಡ ಆ ಭುಜದ ಮೇಲೆ ಕೈಯಿಟ್ಟಳು. ಸಿಟ್ಟು ಇಳಿಯಲಿಲ್ಲ. ಕೈಯನ್ನೂ ಅವಳು ತೆಗೆಯಲಿಲ್ಲ.