ಅಮ್ಮನ ಶಾಲಿನ ಅಡಿರಜಾಯಿ

"ಇದನ್ನ ಹೊಲಿದೋರು ಯಾರು ರೀ ಇಲ್ಲಿ?"

ಹೊಲಿಗೆ ಯಂತ್ರಗಳ ಸದ್ದು ಒಮ್ಮೆಲೇ ನಿಂತಿತು. ಬಾಗಿಲಲ್ಲಿ ಒಬ್ಬ ಯುವಕ. ಕೆದರಿದ ತಲೆ, ಕೆಂಪೇರಿದ ಮೂಗು, ಕೈಯಲ್ಲೊಂದು ಹ್ಯಾಮಕ್. ಮರದಿಂದ ಮರಕ್ಕೆ ಕಟ್ಟಿ ಮಲಗುವ ಆ ಬಟ್ಟೆಯ ಜೋಲಿಯನ್ನು ಅವನು ತಂದು ನೇರ ಮುಂದಿನ ಸಾಲಿನ ಹುಡುಗಿಯ ಮೇಜಿನ ಮೇಲೆಯೇ ಎಸೆದ!

"ನಾನು. ಏನೀಗ?" ಎಂದಳು ಅವಳು, ತಲೆಯೆತ್ತದೆ.

ಅವಳನ್ನು ಕಾರ್ಖಾನೆಯಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಸೂಜಿ ಎಂದೇ. ಮೈಯೂ ಸಪೂರ, ಮಾತೂ ಚೂಪು.

"ಎರಡು ಕಂಬಳಿ ಹೊದ್ಕೊಂಡು ಮಲಗಿದ್ದೀನಿ. ಆದ್ರೂ ರಾತ್ರಿಯಿಡೀ ಹಲ್ಲು ಕಟಕಟ! ಇದೇನು ಜೋಲಿನಾ, ಸೊಳ್ಳೆ ಪರದೆನಾ?"

"ಮೇಲೆ ಎರಡು ಕಂಬಳಿ. ಸರಿ. ಬೆನ್ನ ಕೆಳಗೆ ಏನಿತ್ತು?"

ಅವನು ಯೋಚಿಸಿದ. "...ಗಾಳಿ."

ಇಡೀ ಕೋಣೆ ಗೊಳ್ಳೆಂದು ನಕ್ಕಿತು. ಸೂಜಿಗೂ ನಗು ತಡೆಯಲಾಗಲಿಲ್ಲ.

"ಜೋಲಿಯಲ್ಲಿ ಚಳಿ ಬರೋದೇ ಕೆಳಗಿಂದ ಕಣ್ರೀ. ಕಂಬಳಿ ಬೆನ್ನಡಿ ಸಿಕ್ಕಿದ್ರೆ ಅಪ್ಪಚ್ಚಿ ಆಗತ್ತೆ, ಅಪ್ಪಚ್ಚಿ ಆದ್ಮೇಲೆ ಬೆಚ್ಚಗಿಡಲ್ಲ. ಅದಕ್ಕೇ ಅಡಿರಜಾಯಿ ಅಂತ ಇರೋದು. ಜೋಲಿಯ ಹೊರಗೆ, ಕೆಳಗಡೆ ಕಟ್ಟಬೇಕು. ನಿಮ್ಮ ಭಾರ ಅದರ ಮೇಲೆ ಬೀಳಬಾರದು. ತಿಳೀತಾ?"

ತಿಳಿಯಿತು ಎಂದು ತಲೆಯಾಡಿಸಿದ. ತಿಳಿದದ್ದು ಮಾತ್ರ ಬೇರೆಯೇ ಏನೋ ಇರಬೇಕು, ಕಣ್ಣು ಅವಳ ಮುಖ ಬಿಟ್ಟು ಕದಲಲಿಲ್ಲ.

ಅವನ ಕೆಲಸ ಬೆಟ್ಟದ ಮೇಲಿನ ಮರಗಳನ್ನು ಎಣಿಸುವುದು. ಅಲ್ಲಿ ನೆಲವೆಲ್ಲ ಇಳಿಜಾರು, ಹಿಮ ಕರಗಿದ ಕೆಸರು. ಹಾಗಾಗಿ ರಾತ್ರಿ ಮರಗಳ ನಡುವೆ ನೇತಾಡುತ್ತಲೇ ಮಲಗಬೇಕು. ಸೂಜಿ ಅವನಿಗೆ ಬಾವಲಿ ಎಂದು ಹೆಸರಿಟ್ಟಳು.

ಬೆಟ್ಟ ಇಳಿದಾಗಲೆಲ್ಲ ಬಾವಲಿ ಹರಿದದ್ದೇನಾದರೂ ಹಿಡಿದುಕೊಂಡು ಬರುತ್ತಿದ್ದ. ತಾನಾಗಿ ಹರಿದದ್ದು ಯಾವುದು, ಬ್ಲೇಡಿನಲ್ಲಿ ಕೊಯ್ದದ್ದು ಯಾವುದು ಎಂದು ಹೊಲಿಯುವವಳಿಗೆ ಗೊತ್ತಾಗುವುದಿಲ್ಲವೇ? ಗೊತ್ತಾಗಿಯೂ ಸುಮ್ಮನೆ ಹೊಲಿದುಕೊಟ್ಟಳು. 'ಇವನ ಬಟ್ಟೆಯೆಲ್ಲ ಹೀಗೇ ಹರೀತಾ ಇರಲಿ ದೇವರೇ' ಎಂದು ಬೇಡಿಕೊಂಡದ್ದೂ ಉಂಟು!

ಚಳಿಗಾಲದ ದೊಡ್ಡ ಎಣಿಕೆಗೆ ಅವನು ಹೊರಟಾಗ ಅವಳು ಒಂದು ಅಡಿರಜಾಯಿ ಹೊಲಿದಳು. ಒಳಗಿನ ಅಸ್ತರಿಗೆ ಹಾಕಿದ್ದು ತೀರಿಕೊಂಡ ತನ್ನ ಅಮ್ಮನ ಶಾಲು. ಅಮ್ಮನದೆಂದು ಅವಳ ಬಳಿ ಉಳಿದಿದ್ದದ್ದು ಅದೊಂದೇ. ನಾಲ್ಕು ಮೂಲೆಯ ಕಟ್ಟುದಾರಗಳು ಸಿಕ್ಕಾಗದಂತೆ ಸುರುಳಿ ಸುತ್ತಿ, ತನ್ನದೇ ರೀತಿಯ ಪುಟ್ಟ ಗಂಟು ಹಾಕಿದಳು.

"ಅಮ್ಮನ ಶಾಲು... ಇದಕ್ಯಾಕೆ ಹಾಕಿದೆ?" ಅಸ್ತರನ್ನು ಗುರುತಿಸಿ ಅವನು ಕೇಳಿದ.

"ಬೆಚ್ಚಗಿರತ್ತೆ. ಕೆಳಗೆ ಕಟ್ಕೋ, ಮರೀಬೇಡ."

"ಬಂದ ಮೇಲೆ ನಿನ್ನ ಹತ್ರ ಒಂದು ಮಾತು ಕೇಳೋದಿದೆ ಸೂಜಿ."

ಏನು ಮಾತು ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು. ಹೂಂ ಎನ್ನಲು ಅವಳು ಎಂದೋ ಸಿದ್ಧಳಾಗಿದ್ದಳು.

ಆ ಚಳಿಗಾಲ ಬೆಟ್ಟದಲ್ಲಿ ಹಿಮಗಾಳಿ ಬಿಡದೆ ಬೀಸಿತು. ಫೋನು ಸಿಗಲಿಲ್ಲ. ಬಾವಲಿ ಬರಲಿಲ್ಲ. ಕಾರ್ಖಾನೆಯ ಬಾಗಿಲು ಕಿರ್ರೆಂದಾಗಲೆಲ್ಲ ಅವಳ ಹೊಲಿಗೆ ಸೊಟ್ಟಗಾಗುತ್ತಿತ್ತು.

ಕೊನೆಗೆ ಒಂದು ಮಧ್ಯಾಹ್ನ ಬಂದದ್ದು ಅವನ ಅಕ್ಕ. ಅತ್ತು ಊದಿದ ಕಣ್ಣು, ಕೈಯಲ್ಲಿ ಅದೇ ಅಡಿರಜಾಯಿ.

"ಸೂಜಿ ಅಂದ್ರೆ ನೀನೇ ಏನಮ್ಮ? ಅವನು ಆಸ್ಪತ್ರೇಲಿದಾನೆ. ಹಿಮದಲ್ಲಿ ಕಾಲು ಹೆಪ್ಪುಗಟ್ಟಿ... ಎಡಗಾಲಿನ ಬೆರಳೆಲ್ಲ ತೆಗೆದುಬಿಟ್ರು. ಇನ್ನು ಬೆಟ್ಟ ಹತ್ತೋ ಹಾಗಿಲ್ಲ."

ಸೂಜಿ ಯಂತ್ರ ನಿಲ್ಲಿಸಿ ಎದ್ದು ನಿಂತಳು.

"ಇದು ತನಗೆ ಇನ್ನು ಬೇಡವಂತೆ, ನಿನಗೆ ಕೊಟ್ಟು ಬಾ ಅಂದ. ನಾಳೆ ಬೆಳಗ್ಗೆ ಅವನನ್ನ ನನ್ನೂರಿಗೆ ಕರ್ಕೊಂಡು ಹೋಗ್ತಿದ್ದೀನಿ. ಮತ್ತೆ ಈ ಕಡೆ ಬರ್ತಾನೋ ಇಲ್ವೋ..."

ಅಕ್ಕ ಹೋದಳು. ಸೂಜಿ ರಜಾಯಿ ಬಿಡಿಸಿದಳು. ನಾಲ್ಕು ಮೂಲೆಯಲ್ಲೂ ಅವಳು ಹಾಕಿದ ಗಂಟು ಹಾಗೇ ಇತ್ತು. ಒಂದು ದಾರವೂ ಬಿಚ್ಚಿರಲಿಲ್ಲ!

ಅಂದರೆ... ಒಂದು ರಾತ್ರಿಯೂ ಕಟ್ಟಿಕೊಂಡಿಲ್ಲ. ಕಾಲಬೆರಳು ಹೋದರೂ ಸರಿ, ನಾನು ಹೊಲಿದದ್ದು ಮಾತ್ರ ಅವನಿಗೆ ಬೇಡ. ಈಗ ವಾಪಸ್ಸೂ ಕಳಿಸಿದ್ದಾನೆ!

ಅವಳು ಅಳಲಿಲ್ಲ. ಅತ್ತಿದ್ದರೆ ಎದೆ ಸ್ವಲ್ಪವಾದರೂ ಹಗುರಾಗುತ್ತಿತ್ತು. ಮನೆಗೆ ಹೋಗಿ ಒಲೆ ಹಚ್ಚಲಿಲ್ಲ, ಹಾಸಿಗೆ ಬಿಡಿಸಲಿಲ್ಲ. ಜಗತ್ತಿನಲ್ಲಿ ತನ್ನವಳೆಂದು ಇದ್ದ ಅಮ್ಮ ಹೋದಳು. ತನ್ನವನಾಗುತ್ತಾನೆ ಎಂದುಕೊಂಡವನು ಹೀಗೆ. ಇನ್ನು ಯಾರಿಗಾಗಿ ಹೊಲಿಯಬೇಕು, ಯಾರಿಗಾಗಿ ಬಾಗಿಲು ನೋಡಬೇಕು ಎನ್ನಿಸಿತು.

ಬೆಳಕು ಹರಿಯುತ್ತಲೇ ಕಾರ್ಖಾನೆಗೆ ಬಂದವಳು, ಹೊಲಿಗೆ ಬಿಚ್ಚುವ ಕೊಕ್ಕೆ ಕೈಗೆತ್ತಿಕೊಂಡಳು.

"ಏನೇ ಮಾಡ್ತಿದ್ದೀ?" ಬಟ್ಟೆ ಕತ್ತರಿಸುವ ದೊಡ್ಡಮ್ಮ ಗಾಬರಿಯಾದಳು. ಕಾರ್ಖಾನೆಗೆಲ್ಲ ದೊಡ್ಡಮ್ಮ ಅವಳು.

"ನಮ್ಮಮ್ಮನ ಶಾಲು ಬಿಚ್ಚಿ ತಗೋತೀನಿ. ಬೇಡ ಅಂದೋರಿಗೆ ಅದ್ಯಾಕೆ?"

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಮಗಾ. ಸಿಟ್ಟಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ."

"ಗಂಟು ನೋಡು ದೊಡ್ಡಮ್ಮ! ಇನ್ನೇನು ಪ್ರಮಾಣ ಬೇಕು?"

ಟಪ್, ಟಪ್ ಎಂದು ದಾರ ಕಡಿಯಿತು. ಒಂದು ಬದಿ ಬಿಚ್ಚಿ ಮೇಲಿನ ಅಂಚಿಗೆ ಬಂದಳು. ಕೊಕ್ಕೆ ಅಲ್ಲೇ ನಿಂತಿತು.

ಅಂಚಿನ ನಡುವೆ ಶಾಲಿನ ನೂಲು ಸವೆದು ಜೂಲೆದ್ದಿತ್ತು. ಅದರಲ್ಲಿ ಸಿಕ್ಕಿಕೊಂಡಿದ್ದ ಸಣ್ಣ ಗಡ್ಡದ ಕೂದಲುಗಳು... ಕಣ್ಣೀರು ಒಣಗಿದಂಥ ಬಿಳಿ ಕಲೆ.

ಜೋಲಿಯ ಕೆಳಗೆ ಕಟ್ಟುವ ರಜಾಯಿಗೆ ಗಡ್ಡ ತಾಗುವುದು ಹೇಗೆ?

ಕೆಳಗೆ ಕಟ್ಟಿಲ್ಲ. ಹೊದ್ದಿದ್ದಾನೆ! ಒಂದು ರಾತ್ರಿಯಲ್ಲ, ಚಳಿಗಾಲವಿಡೀ ಗಲ್ಲದವರೆಗೂ ಎಳೆದುಕೊಂಡು ಹೊದ್ದಿದ್ದಾನೆ!

"ದೊಡ್ಡಮ್ಮಾ..." ಎಂದಳಷ್ಟೆ. ಅರ್ಧ ಬಿಚ್ಚಿದ ರಜಾಯಿ ಬಾಚಿಕೊಂಡು ಓಡಿದಳು. ದಾರಿಯುದ್ದಕ್ಕೂ ಅದರಿಂದ ಹತ್ತಿ ಉದುರುತ್ತಿತ್ತು.

ಆಸ್ಪತ್ರೆಯ ಬಾಗಿಲಲ್ಲಿ ಕಾರು ನಿಂತಿತ್ತು. ಹಿಂದಿನ ಸೀಟಿನಲ್ಲಿ ಅವನು, ಎಡಗಾಲಿಗೆ ದಪ್ಪ ಬ್ಯಾಂಡೇಜು. ಅವಳನ್ನು ಕಂಡವನೇ ಮುಖ ತಿರುಗಿಸಿದ.

"ಯಾಕೆ ಬಂದೆ? ಕುಂಟನಿಗೆ ಸಮಾಧಾನ ಹೇಳೋಕಾ? ನೀನು ಬೇರೆ ಯಾರನ್ನಾದ್ರೂ ನೋಡ್ಕೊಂಡು ಸುಖವಾಗಿರ್ಬೇಕು ಅಂತಲೇ ಅದನ್ನ ಕಳಿಸಿದ್ದು."

"ಬಾಯ್ಮುಚ್ಚು." ಅವಳು ರಜಾಯಿಯನ್ನು ಅವನ ಮುಂದೆ ಹಿಡಿದಳು. "ಇದನ್ನ ಯಾಕೋ ಹೊದ್ಕೊಂಡೆ? ಕೆಳಗೆ ಕಟ್ಕೋ ಅಂತ ಹೇಳಿರಲಿಲ್ವಾ?"

ಅವನು ರಜಾಯಿಯ ಸವೆದ ಅಂಚನ್ನು ಮುಟ್ಟಿದ.

"ಕಟ್ಟೋಕೆ ಹೋದೆ ಸೂಜಿ. ಆಗಲಿಲ್ಲ. ನಿನ್ನಮ್ಮನ ಶಾಲು ಅದು. ಅದನ್ನ ಬೆನ್ನಡಿ, ಕಾಲಡಿ ಹೇಗೆ ಹಾಕ್ಕೊಳ್ಲಿ? ಎದೆ ಮೇಲೆ ಹೊದ್ದೆ. ಬೆನ್ನಿಗೆ ಹಳೇ ಚಾಪೆ ಸಾಕಾಗಿತ್ತು... ಹಿಮಗಾಳಿ ಬರೋವರೆಗೆ."

ಸೂಜಿ ಕಾರಿನ ಬಾಗಿಲು ಹಿಡಿದುಕೊಂಡಳು. "ಹಾಗಾದ್ರೆ ನಾನೇ... ನಾನು ಆ ಶಾಲು ಹಾಕದೇ ಇದ್ದಿದ್ರೆ ನೀನು ಕಟ್ಕೊಂಡಿರ್ತಿದ್ದೆ. ನಿನ್ನ ಬೆರಳು ಉಳೀತಿತ್ತು."

"ಹಾಗನ್ಬೇಡ ಕಣೇ..."

ಆದರೆ ಅದು ನಿಜವಾಗಿತ್ತು. ಇಬ್ಬರಿಗೂ ಗೊತ್ತಿತ್ತು. ಇಷ್ಟು ಪ್ರೀತಿ ಇಟ್ಟುಕೊಂಡೂ ಕಾಲಿನ ಐದು ಬೆರಳು ಉಳಿಸಿಕೊಳ್ಳಲಾಗಲಿಲ್ಲ ಎಂಬ ದುಃಖಕ್ಕೆ ಯಾವ ಸಮಾಧಾನ ಹೇಳುವುದು? ಇಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಬಿಕ್ಕಿ ಬಿಕ್ಕಿ ಅತ್ತರು. ಆಸ್ಪತ್ರೆಯ ಬಾಗಿಲಲ್ಲಿದ್ದ ಅಕ್ಕನೂ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಳು ತಗ್ಗಿದ ಮೇಲೆ ಸೂಜಿ ರಜಾಯಿಯನ್ನು ಮಡಿಸಿ, ಶಾಲಿನ ಬದಿ ಮೇಲಾಗಿಸಿ, ಅವನ ಎಡಗಾಲಿನ ಕೆಳಗಿಟ್ಟಳು.

ಅವನು ಕಾಲು ಎಳೆದುಕೊಳ್ಳಲು ನೋಡಿದ. "ಬೇಡ ಕಣೇ! ಅಮ್ಮನ ಶಾಲು..."

"ಅಮ್ಮ ನನ್ನ ಒಂಬತ್ತು ತಿಂಗಳು ಹೊತ್ತಳು, ಆಮೇಲೆ ಸೊಂಟದ ಮೇಲೆ ಹೊತ್ತಳು. ನಾನು ಒದ್ದಿದ್ದೆಷ್ಟು, ತುಳಿದಿದ್ದೆಷ್ಟು! ಹೊರೋರು ಕೆಳಗೇ ಇರ್ತಾರೆ ಕಣೋ. ಇಡು ಕಾಲು."

ಅವನು ಕಾಲಿಟ್ಟ.

"ಅಕ್ಕಾ," ಸೂಜಿ ತಿರುಗಿದಳು, "ಕಾರಲ್ಲಿ ಇನ್ನೊಬ್ಬರಿಗೆ ಜಾಗ ಇದ್ಯಾ?"

ಅಕ್ಕ ಹಿಂದಿನ ಸೀಟಿನ ಚೀಲವನ್ನು ಎತ್ತಿಕೊಂಡು ಮುಂದೆ ಕೂತು, ಅದನ್ನು ತನ್ನ ಮಡಿಲಿಗೆ ಹಾಕಿಕೊಂಡಳು.

ಕಾರು ಹೊರಟಿತು.

"ಬೆಟ್ಟದಿಂದ ಬಂದ ಮೇಲೆ ಏನೋ ಕೇಳ್ತೀನಿ ಅಂದಿದ್ದೆ," ಎಂದಳು ಅವಳು.

"ಈಗ ಕೇಳೋ ಧೈರ್ಯ ಇಲ್ಲ."

"ನನಗೆ ಹೇಳೋ ಧೈರ್ಯ ಇದೆ. ಹೂಂ."

ಅವನು ಕಣ್ಣು ಮುಚ್ಚಿದ. ರೆಪ್ಪೆಯಂಚಿನಿಂದ ನೀರಿಳಿಯಿತು. ಸ್ವಲ್ಪ ಹೊತ್ತಿಗೆ ಅವನ ಮೈ ನಡುಗಿತು.

"ಚಳಿಯಾಗ್ತಿದ್ಯಾ?"

"ಬೆರಳಿಗೆ."

"ಯಾವ ಬೆರಳಿಗೆ?"

"...ಇಲ್ಲದೇ ಇರೋದಕ್ಕೆ."

ಅವಳು ಬಗ್ಗಿ, ಬ್ಯಾಂಡೇಜು ಮುಗಿದು ಬೆರಳುಗಳು ಇರಬೇಕಿದ್ದ ಖಾಲಿ ಜಾಗವನ್ನು ಎರಡೂ ಅಂಗೈಯಲ್ಲಿ ಮೆಲ್ಲಗೆ ಮುಚ್ಚಿದಳು.

"ಈಗ?"

"ಇನ್ನೂ ಇದೆ. ಕೈ ತೆಗೀಬೇಡ."

"ತೆಗೆಯಲ್ಲ."