ಹಗಲು ತಿರುಗುವ ಚಿರತೆ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ವನ್ಯಜೀವಿ ಸಂಶೋಧಕಿಯ ದೂರು ಓದಿ ಹೆಡ್ ಕಾನ್‌ಸ್ಟೇಬಲ್ ಮೀಸೆಯಡಿ ನಕ್ಕ. ಬೆಟ್ಟದ ಹೆಣ್ಣು ಚಿರತೆಗೆ ಅವಳ ತಂಡ ಇರುವ ಜಾಗ ತಿಳಿಸುವ ರೇಡಿಯೋ ಕಾಲರ್ ತೊಡಿಸಿತ್ತು. ಮೂರು ವಾರದಿಂದ ಆ ಚಿರತೆ ಹಗಲೆಲ್ಲ ತಿರುಗಿ, ಕತ್ತಲಾದರೆ ಒಂದೇ ಜಾಗದಲ್ಲಿ ಮಲಗುತ್ತಿತ್ತು. ರಾತ್ರಿ ತಿರುಗುವ ಪ್ರಾಣಿಯ ರೀತಿ ಇದಲ್ಲ, ಯಾರೋ ಅದನ್ನು ಕೊಂದಿರಬೇಕು ಎಂಬುದು ಅವಳ ಅನುಮಾನ.

"ಒಳ್ಳೇ ಸಂಸಾರಸ್ಥೆ ಬಿಡಿ ಸಾರ್."

ಇನ್‌ಸ್ಪೆಕ್ಟರ್ ನಗಲಿಲ್ಲ. ಅವಳು ತಂದ ನಕಾಶೆಯ ಕೆಂಪು ಚುಕ್ಕಿಗಳು ಅವನ ತಲೆಗೆ ಹುಳ ಬಿಟ್ಟಿದ್ದವು.

"ರಾತ್ರಿ ಮಲಗೋದೆಲ್ಲಿ?"

"ಊರಂಚಲ್ಲಿ. ಕಾಡು ಸುತ್ತೋ ನಮ್ಮ ವಾಚರ್‌ನ ಕಳಿಸಿದ್ದೆ. ಹೆಜ್ಜೆ ನೋಡ್ದೆ, ಹುಷಾರಾಗಿದಾಳೆ ಅಂದ."

"ಅವಳು ಸತ್ರೆ ಯಾರಿಗೆ ಲಾಭ?"

"ಕಲ್ಲುಗಣಿಯವರಿಗೆ. ಚಿರತೆ ಇರೋವರೆಗೂ ಆ ಬೆಟ್ಟ ಮುಟ್ಟಬಾರದು ಅಂತ ಕೋರ್ಟ್ ಹೇಳಿದೆ."

ಎಫ್‌ಐಆರ್ ದಾಖಲಾಯಿತು. ಆದರೆ ಲೆಕ್ಕ ಕೂಡಲಿಲ್ಲ. ಗಣಿಯವರು ಕೊಂದಿದ್ದರೆ ಕಾಲರನ್ನು ಒಡೆದು ಹೊಳೆಗೆಸೆಯುತ್ತಿದ್ದರು. ಇಲ್ಲಿ ಯಾರೋ ಚಿರತೆಯನ್ನು ನಕಾಶೆಯ ಮೇಲೆ ಬದುಕಿಸಿಟ್ಟಿದ್ದರು.

ಸಂಜೆ ಆರಕ್ಕೆ ಸಂಶೋಧಕಿಯ ಆಂಟೆನಾ ಅವರನ್ನು ಒಂದು ಆಡಿನ ದೊಡ್ಡಿಗೆ ತಂದು ನಿಲ್ಲಿಸಿತು. ಮುಂದಾಳು ಹೋತದ ಕುತ್ತಿಗೆಗೆ ಗೋಣಿಬಟ್ಟೆ ಸುತ್ತಿತ್ತು. ಬಿಚ್ಚಿದರೆ ಕಾಲರ್.

"ಏನಮ್ಮ ಇದು?"

"ಗಾಯ ಆಗಿದೆ, ಬಿಚ್ಚಬೇಡ ಅಕ್ಕಾ ಅಂದಿದ್ದ ನನ್ನ ತಮ್ಮ," ಎಂದಳು ದೊಡ್ಡಿಯ ಒಡತಿ. "ಈ ಮೇಡಂ ಹತ್ರಾನೇ ವಾಚರ್ ಅವನು. ಹೋತದ ಮೇಲೇನೂ ಕೇಸಿಲ್ಲ ತಾನೇ?"

ಸೊಪ್ಪಿನ ಹೊರೆ ಹೊತ್ತು ಬಂದ ವಾಚರ್ ಪೊಲೀಸರನ್ನು ಕಂಡು ಓಡಲಿಲ್ಲ. ಹೊರೆ ಇಳಿಸಿ ನಿಂತ.

"ಇಷ್ಟು ವರ್ಷ ಕಾಡಲ್ಲಿದ್ದೀಯ. ಚಿರತೆ ರಾತ್ರಿ ತಿರುಗುತ್ತೆ ಅಂತ ಗೊತ್ತಿಲ್ವಾ?"

"ನಂಗೊತ್ತು ಸಾರ್. ಹೋತಕ್ಕೆ ಗೊತ್ತಿಲ್ಲ."

ಹೆಡ್ ಕಾನ್‌ಸ್ಟೇಬಲ್ ಗೋಡೆಯತ್ತ ಮುಖ ತಿರುಗಿಸಿದ. ಹೆಗಲು ಕುಲುಕುತ್ತಿತ್ತು.

ಬಂಡೆಯಿಂದ ಜಾರಿ ಸತ್ತಿದ್ದ ಚಿರತೆಯನ್ನು ತಾನೇ ಹೂತದ್ದಾಗಿ ವಾಚರ್ ಒಪ್ಪಿಕೊಂಡ. ಕಾಲರ್ ಕದ್ದದ್ದು, ಕಳೇಬರ ಬಚ್ಚಿಟ್ಟದ್ದು ಎಂದು ಬರೆದು ಬಂಧಿಸಲಾಯಿತು. ಮರುದಿನ ಪಂಚರ ಎದುರು ಅವನು ತೋರಿಸಿದ ಗುಂಡಿ ತೆಗೆಸಲು ಎಲ್ಲರೂ ಬೆಟ್ಟ ಹತ್ತಿದರು.

"ಯಾಕೆ ಮಾಡ್ದೆ?"

"ಮೇಲಿನ ಗವೀಲಿ ಎರಡು ಮರಿ ಇದಾವೆ. ಈಗಷ್ಟೇ ಬೇಟೆ ಕಲೀತಿದಾವೆ. ಬಂಡೆ ಸಿಡಿಸಿದ್ರೆ ಎಲ್ಲಿಗೆ ಹೋಗ್ತಾವೆ?"

"ಮೇಡಂಗೆ ಹೇಳ್ಬಹುದಿತ್ತು."

"ಮರೀದು ಒಂದು ಫೋಟೋನೂ ಇಲ್ಲ, ಕೋರ್ಟ್ ನಂಬಲ್ಲ. ತಾಯಿ ಸತ್ತಳು ಅಂದ್ರೆ, ಮೇಡಂ ಹಾಗೇ ಬರೀತಾರೆ. ಸುಳ್ಳು ಹೇಳೋಕೆ ಬರಲ್ಲ ಅವ್ರಿಗೆ."

ಸಂಶೋಧಕಿ ಬೇರೆಡೆ ನೋಡಿದಳು.

ಗುದ್ದಲಿ ಹಾಕುವ ಮುನ್ನ ಇನ್‌ಸ್ಪೆಕ್ಟರ್ ಕೈ ಎತ್ತಿ ತಡೆದ. ಗುಂಡಿಯ ಹಸಿಮಣ್ಣಿನ ಮೇಲೆ ಸಣ್ಣ ಪಂಜದ ಗುರುತುಗಳಿದ್ದವು, ಎರಡು ಮರಿಗಳವು. ಅಂಚು ಇನ್ನೂ ಉದುರಿರಲಿಲ್ಲ, ಹಿಂದಿನ ರಾತ್ರಿಯವೇ. ಟೇಪು ತರಿಸಿ ಅಳೆಸಿದ, ಫೋಟೋ ತೆಗೆಸಿದ.

"ಈ ಕೇಸಿಗೆ ಇದು ಬೇಕಾ ಸಾರ್?"

"ಸ್ಥಳದಲ್ಲಿ ಕಂಡದ್ದೆಲ್ಲ ಪಂಚನಾಮೆಗೆ ಸೇರುತ್ತೆ, ಪಂಚನಾಮೆ ಕೋರ್ಟಿಗೆ ಹೋಗುತ್ತೆ. ಬರಿ."

ಜೀಪು ಹತ್ತುವಾಗ ವಾಚರ್ ಕೇಳಿದ, "ಹೆಜ್ಜೆ ಎಷ್ಟಗಲ ಬಂತು?"

ಹೆಡ್ ಕಾನ್‌ಸ್ಟೇಬಲ್ ಬೆರಳಗಲಿಸಿ ತೋರಿಸಿದ.

"ಬೆಳೀತಿದಾವೆ," ಎಂದು ವಾಚರ್ ಒಳಗೆ ಕೂತು ತಾನೇ ಬಾಗಿಲೆಳೆದುಕೊಂಡ.