ಮಡಿಕೆಯೊಳಗಿನ ಹೆಸರು

ನಮ್ಮಿಬ್ಬರ ಮೊದಲ ಮಾತೇ ಜಗಳ. ತಪ್ಪು ನನ್ನದು.

ಮಾಶಾ ಎಂಬ ಊರಿನ ಅಚ್ಚಿನ ಅಂಗಡಿಯಲ್ಲಿ ನಾನು ಹಲಗೆ ಕೆತ್ತುವವನು. ಬರೆದ ತೆಳು ಹಾಳೆಯನ್ನು ಮರದ ಹಲಗೆಗೆ ಬೋರಲು ಅಂಟಿಸಿ, ಅಕ್ಷರ ಉಳಿಸಿ ಮಿಕ್ಕದ್ದನ್ನು ಕೆತ್ತಿ ತೆಗೆಯುವ ಕೆಲಸ. ಆ ವರ್ಷ ಕೆತ್ತಲು ಒಂದು ವಿಶ್ವಕೋಶ ಬಂದಿತ್ತು. ನಕ್ಷತ್ರದಿಂದ ಹಿಡಿದು ಎಮ್ಮೆಯ ಹೊಟ್ಟೆಯುಬ್ಬರದ ತನಕ ಅದರಲ್ಲಿ ಎಲ್ಲ ಇತ್ತು. ತೀರಿಹೋದ ಮಹಾಮಂತ್ರಿಯೊಬ್ಬರು ಬರೆದದ್ದು ಅಂತ ಅಂಗಡಿ ಯಜಮಾನ ಹೇಳಿದ್ದ. ಹಾಳೆ ತಂದುಕೊಡುತ್ತಿದ್ದವಳು ಗುವಾನ್ ಮೇಷ್ಟ್ರ ವಿಧವೆ ಮಗಳು. ನಕಲು ಮಾಡುವವಳು ಅಂದುಕೊಂಡಿದ್ದೆ.

"ಈ ಮಂತ್ರಿ ಅಡುಗೆಮನೆಗೆ ತಲೆ ಹಾಕಿದವನಲ್ಲ," ಅಂದೆ. "ಸೋಯಾ ಕಾಳು ಹುದುಗಿಸುವಾಗ ಬೂಷ್ಟು ಹಿಡಿದ ಮೇಲೆ ಉಪ್ಪು ಹಾಕಬೇಕಂತೆ. ನಮ್ಮವ್ವ ಮೊದಲ ದಿನವೇ ಹಾಕ್ತಿದ್ಲು."

ಅವಳು ಹಾಳೆಗಳನ್ನು ಧಪ್ಪನೆ ಇಟ್ಟಳು. "ನಿಮ್ಮವ್ವನ ಕಾಳು ಸರಿಯಾಗಿ ಹುದುಗು ಬರ್ತಿತ್ತಾ?"

"ಕೆಲವು ಸಲ."

"ಮಿಕ್ಕ ಸಲ ಹಂದಿ ತಿಂದಿರಬೇಕು."

ಸಿಟ್ಟು ನೆತ್ತಿಗೇರಿತು. ಯಾಕೆಂದರೆ ಮಾತು ನಿಜ. ನಮ್ಮ ಹಂದಿಗಳು ದುಂಡಗಿದ್ದವು.

ಹಟಕ್ಕೆ ಬಿದ್ದು ಮನೆಯಲ್ಲಿ ಒಂದು ಮಡಕೆ ಕಾಳು ಹಾಕಿದೆ, ಹಾಳೆಯಲ್ಲಿದ್ದ ಹಾಗೇ. ತಿಂಗಳ ಮೇಲೆ ಮುಚ್ಚಳ ತೆಗೆದಾಗ ಬಂದ ಪರಿಮಳಕ್ಕೆ ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದರು. ಅವರಿಗೆ ಕೊಟ್ಟು ಮಿಕ್ಕದ್ದನ್ನು ಅವಳಿಗೆ ಒಯ್ದೆ.

"ಮಂತ್ರಿಗಳಿಗೆ ತಿಳಿಸ್ತೀನಿ," ಅಂದಳು. ಮುಖ ಗಂಭೀರ. ತುಟಿಯ ಒಂದು ಮೂಲೆ ಮಾತ್ರ ಅವಳ ಹಿಡಿತ ತಪ್ಪಿಸಿಕೊಂಡಿತ್ತು. ಬಟ್ಟಲು ಹಿಡಿದ ಬೆರಳು ನೋಡಿದೆ. ತುದಿಯಲ್ಲಿ ಮಸಿ, ಉಗುರಿನ ಸಂದಿಯಲ್ಲಿ ಕಾಳಿನ ಹಿಟ್ಟು.

"ಬರೆದದ್ದು ನೀವು."

ಅವಳು ಬಟ್ಟಲನ್ನು ಕೆಳಗಿಟ್ಟಳು. "ಶುರು ಮಾಡಿದ್ದು ಅಪ್ಪ. ಅರ್ಧಕ್ಕೇ ಹೋದರು. ಉಳಿದ ಹದಿನಾಲ್ಕು ವರ್ಷ ನನ್ನದು."

"ಮತ್ತೆ ಈ ಮಂತ್ರಿ ಯಾಕೆ ಬಂದ?"

"ಮೇಷ್ಟ್ರ ಮಗಳ ಪುಸ್ತಕ ಯಾರು ಕೊಳ್ತಾರೆ ಅಂದ್ರು ಯಜಮಾನ್ರು. ಮಂತ್ರಿ ಹೆಸರಿದ್ರೆ ಅಚ್ಚು, ಇಲ್ಲದಿದ್ರೆ ಒಲೆ." ಅವಳ ದನಿ ಸಣ್ಣದಾಯಿತು. "ಎಲ್ಲಾದ್ರೂ ಒಂದು ಮೂಲೆಯಲ್ಲಿ ನಮ್ಮ ಹೆಸರಿದ್ದಿದ್ರೆ ಸಾಕಿತ್ತು, ಮೇಸ್ತ್ರಿ."

ಯಜಮಾನನ ಹತ್ತಿರ ಹೋಗಿ ಕೂಗಾಡಿ ಬಂದೆ. ಏನೂ ಗಿಟ್ಟಲಿಲ್ಲ.

ಮರುದಿನ ಬಂದ ಹಾಳೆಯಲ್ಲಿ ಹೊಸದೊಂದು ವಿಷಯ ಸೇರಿತ್ತು: ಉಳಿ ಹಿಡಿದು ಹಿಡಿದು ಬಲಗೈ ಜೋಮು ಹಿಡಿಯುವವರು, ಬೆಳಗ್ಗೆ ಶುಂಠಿ ಹಾಕಿದ ಬಿಸಿನೀರಿನಲ್ಲಿ ಕೈ ಅದ್ದಿಡಬೇಕು, ಬಾಯಿಗೆ ಬಂದಂತೆ ಕೂಗಾಡಬಾರದು.

"ಕೂಗಾಡೋದಕ್ಕೂ ಕೈಗೂ ಏನು ಸಂಬಂಧ?" ಅಂದೆ.

"ಮಂತ್ರಿಗಳು ಬಲ್ಲವರು."

ಆ ಸಾಲುಗಳನ್ನು ನಾನು ಕೆತ್ತಿದಷ್ಟು ನಿಧಾನವಾಗಿ ಯಾರೂ ಏನನ್ನೂ ಕೆತ್ತಿರಲಾರರು.

ಅಂದು ಸಂಜೆ ಉಳಿ ಕೆಳಗಿಟ್ಟು ಕೇಳಿಯೇಬಿಟ್ಟೆ. "ನಿಮ್ಮ ಹೆಸರೇನು?"

ನಮ್ಮಲ್ಲಿ ಪರ ಗಂಡಸು ಹೆಣ್ಣಿನ ಹೆಸರು ಕೇಳುವುದು ಮದುವೆ ಮಾತಿನಲ್ಲಿ ಮಾತ್ರ. ಊರಿಗೆಲ್ಲ ಅವಳು ಮೇಷ್ಟ್ರ ಮಗಳು, ಅಷ್ಟೇ. ಅವಳ ಕಿವಿ ಕೆಂಪಾಯಿತು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಮಸಿಯ ಬೆರಳಿಂದ ನನ್ನ ಮೇಜಿನ ಮೇಲೆ ಬರೆದು, ಆಮೇಲೆ ಎದ್ದು ಹೋದಳು.

ಯುನ್.

ಪ್ರತಿ ಹಲಗೆಯ ನಡುವೆ ಒಂದು ಕಿರುಪಟ್ಟಿ ಇರುತ್ತದೆ. ಹಾಳೆ ಮಡಚುವುದು ಅಲ್ಲೇ. ಮಡಿಕೆಯನ್ನು ಪುಸ್ತಕದ ಬೆನ್ನಿಗೆ ಅಂಟಿಸುವುದರಿಂದ ಅಲ್ಲಿರುವುದು ಒಳಗೆ ಹುದುಗುತ್ತದೆ. ಕೆತ್ತಿದವನು ತನ್ನ ಹೆಸರು ಹಾಕುವುದು ಅಲ್ಲಿ, ತಪ್ಪಾದರೆ ಯಾರ ಕಿವಿ ಹಿಂಡಬೇಕು ಅಂತ ಗೊತ್ತಾಗಲಿ ಎಂದು.

ಮಿಕ್ಕಿದ್ದ ನೂರಾರು ಹಲಗೆಗಳಲ್ಲಿ ನಾನು ನನ್ನ ಹೆಸರು ತೋಂಗ್ ಅಂತ ಹಾಕಲಿಲ್ಲ. ಗುವಾನ್ ಯುನ್ ಅಂತ ಹಾಕಿದೆ. ಗುವಾನ್ ಮನೆತನದ ಹೆಸರು, ಹಾಗಾಗಿ ಅಪ್ಪನೂ ಬಂದ.

ಕೊನೆಯ ಹಲಗೆಯೊಂದು ಬಾಕಿಯಿದ್ದಾಗ ಯಜಮಾನನ ಕಣ್ಣಿಗೆ ಆ ಹೆಸರು ಬಿತ್ತು. "ಯಾರಯ್ಯ ಇವಳು, ಗುವಾನ್ ಯುನ್?"

ಹಾಳೆ ಕೊಡಲು ಬಂದಿದ್ದ ಯುನ್ ಬಾಗಿಲಲ್ಲೇ ನಿಂತಳು. ನಿಜ ಹೇಳಿದರೆ ಹಲಗೆಗಳೆಲ್ಲ ಒಲೆಗೆ.

"ನನ್ನ ಹೆಂಡತಿ," ಅಂದೆ. "ಅವಳೇ ಕೆತ್ತಿದ್ದು. ಹೆಂಗಸರು ಕೆತ್ತಬಾರದು ಅಂತ ಇದೆಯಾ?"

"ನಿನಗೆ ಮದುವೆ ಯಾವಾಗ ಆಯ್ತೋ?"

ಬೆನ್ನ ಹಿಂದಿನಿಂದ ದನಿ ಬಂತು.

"ಬರೋ ತಿಂಗಳು ಎಂಟಕ್ಕೆ, ಯಜಮಾನ್ರೇ. ಮದುವೆಗೆ ಒಳ್ಳೇ ದಿನ. ಮಂತ್ರಿಗಳೇ ಬರೆದಿದ್ದಾರೆ, ನೂರ ಹನ್ನೆರಡನೇ ಹಾಳೆ ನೋಡಿ. ಕೆತ್ತೋದು ಮಾತ್ರ ಮೊದಲೇ ಕಲಿತೆ."

ಯಜಮಾನ ಅವಳನ್ನು ನೋಡಿದ, ನನ್ನನ್ನು ನೋಡಿದ, ಹಲಗೆ ನೋಡಿದ. ಅವನೇನು ದಡ್ಡನಲ್ಲ. "ಮಡಿಕೆಯೊಳಗೆ ತಾನೆ," ಅಂತ ಗೊಣಗಿದ. "ಯಾರು ಇಣುಕಿ ನೋಡ್ತಾರೆ. ಆದ್ರೆ ಕೊನೇ ಹಲಗೆ ಅವಳು ನನ್ನ ಕಣ್ಣೆದುರೇ ಕೆತ್ತಲಿ."

ಯುನ್ ನನ್ನ ಪಕ್ಕ ಕೂತಳು. ಮೊದಲ ಅಕ್ಷರಕ್ಕೇ ಉಳಿ ಜಾರಿತು. ಅವಳ ಕೈಯ ಮೇಲೆ ನನ್ನ ಕೈ ಇಟ್ಟೆ, ಕಲಿಸುವವನ ಹಾಗೆ. ಯಜಮಾನ ಕೆಮ್ಮಿ ಆಚೆ ಹೋದ.

"ಹೀಗೆ ಅದುಮಿದ್ರೆ ಕೈ ಜೋಮು ಹಿಡಿಯುತ್ತೆ," ಅಂದಳು.

"ಶುಂಠಿ ನೀರು ಕಾಯಿಸಿಕೊಡ್ತೀನಿ."

ಬರೆದವನು ಮಂತ್ರಿಯೇ ಹೌದೋ ಅಲ್ಲವೋ ಅಂತ ಈಗ ಪಟ್ಟಣದ ಪಂಡಿತರು ಕಿತ್ತಾಡುತ್ತಾರಂತೆ. ಕಿತ್ತಾಡಲಿ. ಹಾಳೆಯನ್ನು ಬೆನ್ನಿನ ತನಕ ಬಿಡಿಸಿ ನೋಡುವ ಬುದ್ಧಿ ಒಬ್ಬನಿಗಾದರೂ ಬಂದೀತು.

ಬಂದವನಿಗೆ ಆ ಕೊನೆಯ ಹಾಳೆಯೂ ಸಿಗುತ್ತದೆ. ಅದರ ಮಡಿಕೆಯಲ್ಲಿ ಮತ್ತೆ ತೋಂಗ್ ಅಂತಿದೆ. ಅಕ್ಷರ ಸೊಟ್ಟ, ಒಂದು ಗೆರೆ ಪಕ್ಕಕ್ಕೆ ಹಾರಿದೆ.

ಅದನ್ನು ಕೆತ್ತಿದ್ದು ನಾನಲ್ಲ.